ಒತ್ತಿದ್ದೆಲ್ಲ ಒಪ್ಪಿಗೆಯಲ್ಲ

ಆ್ಯಪ್‌ಗಳ ಬರಹವನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ಹೋದ ತಿಂಗಳು ಒಂದು ಆ್ಯಪ್‌ನ ಸೂಚನಾಪತ್ರ ಬಂತು. ಬಳಸುವವರ ಹೆಸರು, ಫೋನ್ ನಂಬರು, ಇರುವ ಜಾಗ ಇವನ್ನೆಲ್ಲ ಯಾವುದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ತಿಳಿಸುವ ಎರಡು ಪುಟ. ಆ ಎರಡು ಪುಟಕ್ಕೆ ಒಂದು ದಿನ ಸಾಕಾಯಿತು. ಕೆಳಗಿದ್ದ ಒಂದು ಬಟನ್‌ಗೆ ಮೂರು ದಿನ ಹಿಡಿಯಿತು. ಅಲ್ಲಿಗೆ ಬೇಕಾದದ್ದು ಒಂದೇ ಪದ, ಏಳೆಂಟು ಅಕ್ಷರದೊಳಗೆ.

ಕಾಗದದ ಮೇಲೆ ಐದು ಪದ ಬರೆದುಕೊಂಡೆ: ಸರಿ, ಮುಂದುವರಿಯಿರಿ, ಅನುಮತಿಸಿ, ಸಮ್ಮತಿಸುತ್ತೇನೆ, ಒಪ್ಪುತ್ತೇನೆ. ನೋಡುವುದಕ್ಕೆ ಎಲ್ಲವೂ ಒಂದೇ ಕೆಲಸದವು. ಆದರೆ ಬಾಯಿಬಿಟ್ಟು ಹೇಳಿಕೊಂಡರೆ ಒಂದೊಂದರ ದನಿ ಒಂದೊಂದು ಬಗೆ. ‘ಸರಿ’ ಎನ್ನುವವರು ಯಾವುದು ಸರಿ ಎಂದು ಹೇಳಲಿಲ್ಲ. ‘ಮುಂದುವರಿಯಿರಿ’ ಎನ್ನುವಲ್ಲಿ ಒಪ್ಪುವ ಮಾತೇ ಇಲ್ಲ, ಬಾಗಿಲು ದಾಟಿಸುವ ಅವಸರ ಮಾತ್ರ ಇದೆ. ‘ಅನುಮತಿ’ ಮೇಲಿನವರು ಕೆಳಗಿನವರಿಗೆ ಕೊಡುವಂಥದ್ದು, ಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುವಂಥದ್ದು. ‘ಸಮ್ಮತಿ’ಯ ಅರ್ಥ ಘನವಾದದ್ದು, ಮತಿಗೆ ಮತಿ ಕೂಡುವುದು. ಆದರೆ ಅದು ಕಾಗದದ ಮಾತು, ಅಡುಗೆಮನೆಯ ತನಕ ಬಂದದ್ದಲ್ಲ. ಉಳಿದದ್ದು ಒಪ್ಪು. ತೊಟ್ಟಿಲಿಂದ ಕೇಳಿದ ಮಾತು ಎಂಬ ಕಾರಣಕ್ಕೇ ಅದನ್ನು ನಾನು ಎಂದೂ ನಿಂತು ನೋಡಿರಲಿಲ್ಲ. ಈ ಸಲ ನೋಡಿದೆ. ಸಾವಿರ ವರ್ಷ ಹಿಂದಕ್ಕೆ ಹೋಗಿ, ಈಗಿನ ಕಾನೂನಿನ ಎದುರಿಗೆ ಬಂದು ನಿಂತೆ.

ಮೊದಲು ಮನೆಯೊಳಗಿನ ಬಳಕೆ. ಸೀರೆ ಅಂಗಡಿಯಲ್ಲಿ ಅಕ್ಕ ತಂಗಿಯ ಹೆಗಲ ಮೇಲೆ ಸೆರಗು ಹರಡಿ, “ಈ ಬಣ್ಣ ನಿನಗೆ ಚೆನ್ನಾಗಿ ಒಪ್ಪುತ್ತೆ ಕಣೇ” ಎನ್ನುತ್ತಾಳೆ. ನೆಂಟರು ಬರುವ ಹೊತ್ತಿಗೆ ಮನೆಯನ್ನು ಒಪ್ಪವಾಗಿ ಇಡುತ್ತೇವೆ. ಒಪ್ಪ ಓರಣ ಇಲ್ಲದ ಬರವಣಿಗೆಗೆ ಮೇಷ್ಟ್ರು ಗದರುತ್ತಾರೆ. ಮಾಡಿದ ಕೆಲಸದಲ್ಲಿ ತಪ್ಪು ಯಾವುದು, ಒಪ್ಪು ಯಾವುದು ಎಂದು ನೋಡುತ್ತೇವೆ. ಹೆಣ್ಣು ನೋಡಿ ಬಂದವರನ್ನು “ಒಪ್ಪಿಗೆ ಆಯಿತಾ?” ಎಂದು ಕೇಳುತ್ತೇವೆ. ಒಳ್ಳೆಯದಲ್ಲದ ಕೆಲಸಕ್ಕೆ ಕೈಹಾಕುವಾಗ “ಮನಸ್ಸು ಒಪ್ಪುತ್ತಿಲ್ಲ” ಎಂದು ಹಿಂದೆ ಸರಿಯುತ್ತೇವೆ.

ಅಂದ, ಅಚ್ಚುಕಟ್ಟು, ಸರಿ, ಹೂಂಗುಟ್ಟುವುದು ಇವೆಲ್ಲ ಒಂದೇ ಬೇರಿನಿಂದ ಹೇಗೆ ಬಂದವು? ನೆರೆಮನೆಗಳಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ತಮಿಳಿನಲ್ಲಿ ‘ಒಪ್ಪು’ ಎಂದರೆ ಹೋಲಿಕೆ, ‘ಒಪ್ಪಿಡು’ ಎಂದರೆ ಎರಡನ್ನು ಪಕ್ಕದಲ್ಲಿಟ್ಟು ಹೋಲಿಸು. ‘ಒಪ್ಪನೈ’ ಎಂದರೆ ಸಿಂಗಾರ. ಮಲಯಾಳದಲ್ಲಿ ‘ಒಪ್ಪಂ’ ಎಂದರೆ ಜೊತೆಯಲ್ಲಿ. ತೆಲುಗಿನಲ್ಲಿ ‘ಒಪ್ಪು’ ನಮ್ಮ ಹಾಗೆಯೇ ತಪ್ಪಿನ ಎದುರು ನಿಲ್ಲುವ ಸರಿ. ಇವುಗಳ ನಡುವೆ ಹಾದುಹೋಗುವ ಎಳೆ ಒಂದೇ. ಒಂದಕ್ಕೊಂದು ಹೋಲಬೇಕು, ಹೊಂದಬೇಕು, ಜೊತೆಯಾಗಬೇಕು. ಹೊಂದಿದ್ದು ಕಣ್ಣಿಗೆ ಅಂದ, ಬುದ್ಧಿಗೆ ಸರಿ, ಮನಸ್ಸಿಗೆ ಒಪ್ಪಿಗೆ.

ಹಳಗನ್ನಡದಲ್ಲಿ ಈ ಪದದ ಮೈಮೇಲೆ ಹೊಳಪು ಹೆಚ್ಚು. ಪಂಪನ ಕಾಲದ ಕಾವ್ಯಗಳಲ್ಲಿ ರಾಜ ಸಭೆಯಲ್ಲಿ ಒಪ್ಪುತ್ತಾನೆ, ಊರು ಕೋಟೆ ಕೊತ್ತಲಗಳಿಂದ ಒಪ್ಪುತ್ತದೆ, ಕೊಳ ತಾವರೆಗಳಿಂದ ಒಪ್ಪುತ್ತದೆ. ಅಲ್ಲಿ ಒಪ್ಪುವುದೆಂದರೆ ಶೋಭಿಸುವುದು. ಒಡವೆಗೆ ಇಡುವ ಮೆರುಗಿಗೂ ಒಪ್ಪ ಎಂದೇ ಹೆಸರು. ಅಕ್ಕಸಾಲಿ ಉಜ್ಜಿ ಉಜ್ಜಿ ಒಪ್ಪವಿಟ್ಟ ಮೇಲೆ ಚಿನ್ನಕ್ಕೆ ಹೊರಗಿನಿಂದ ಏನನ್ನೂ ಸೇರಿಸಿದಂತಾಗುವುದಿಲ್ಲ, ಒಳಗೆ ಇದ್ದದ್ದೇ ಕಾಣುವಂತಾಗುತ್ತದೆ. ಈ ಅಕ್ಕಸಾಲಿಯ ಒಪ್ಪವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಚ್ಚಿದ್ದರ ಮೇಲೆ ಒಪ್ಪ ಕೂರುವುದಿಲ್ಲ ಎನ್ನುವುದು ಮುಂದೆ ಬೇಕಾಗುತ್ತದೆ.

ಕಾವ್ಯದ ಹೊಳಪಿನಿಂದ ವ್ಯವಹಾರದ ಕಲ್ಲಿಗೆ ಬಂದರೆ ಪದ ಇನ್ನೊಂದು ರೂಪ ತಾಳುತ್ತದೆ. ನಮ್ಮ ಶಾಸನಗಳಲ್ಲಿ ಒಪ್ಪ ಎಂದರೆ ರುಜು. ದಾನ ಕೊಟ್ಟವರು, ಮಾರಿದವರು, ಕರಾರಿಗೆ ಬಂದವರು ಕೊನೆಯಲ್ಲಿ ತಮ್ಮ ಒಪ್ಪ ಹಾಕುತ್ತಾರೆ. ಅದು ಹೆಚ್ಚಾಗಿ ಅವರ ಹೆಸರಲ್ಲ, ಅವರು ನಂಬಿದ ದೇವರ ಹೆಸರು. ವಿಜಯನಗರದ ಅರಸರ ತಾಮ್ರಪಟಗಳನ್ನು ನೋಡಿದರೆ ಇದು ಎದ್ದು ಕಾಣುತ್ತದೆ. ಪಟದ ಮೈ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇದ್ದರೂ ಕೊನೆಗೆ ಅರಸನ ಕೈಗುರುತಾಗಿ ಬರುವ ‘ಶ್ರೀ ವಿರೂಪಾಕ್ಷ’ ಮಾತ್ರ ಕನ್ನಡದ ಅಕ್ಷರಗಳಲ್ಲಿ. ಮಲಯಾಳದಲ್ಲಿ ಇವತ್ತಿಗೂ ರುಜುವಿಗೆ ‘ಒಪ್ಪ್’ ಎಂದೇ ಹೆಸರು. ತಮಿಳರದು ‘ಕೈಯೊಪ್ಪಂ’. ನಾವು ಆ ಬಳಕೆಯನ್ನು ಕಲ್ಲಿನಲ್ಲೇ ಬಿಟ್ಟು ಬಂದೆವು.

ಕರಾರು ಹೇಗಿರಬೇಕು ಎನ್ನುವುದಕ್ಕೆ ಶ್ರವಣಬೆಳಗೊಳದಲ್ಲಿ ಒಂದು ಕಲ್ಲಿದೆ. 1368ರದು, ಬುಕ್ಕರಾಯನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಜೈನರು ಅರಸನ ಬಳಿಗೆ ದೂರು ಒಯ್ದರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಬುಕ್ಕರಾಯ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ಆ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಜೈನರ ಮನೆಮನೆಗೆ ವರ್ಷಕ್ಕೊಂದು ಹಣ ಎತ್ತಬೇಕು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಹಾಳಾದ ಬಸದಿಗಳನ್ನು ಸರಿಪಡಿಸಬೇಕು ಎಂದು ಗೊತ್ತುಮಾಡಿದರು. ಎಷ್ಟು ತೆಗೆದುಕೊಳ್ಳುವುದು, ಯಾರಿಂದ, ಯಾವುದಕ್ಕೆ, ಮಿಕ್ಕರೆ ಏನು ಮಾಡುವುದು, ನಾಲ್ಕೂ ಅಲ್ಲಿದೆ. ಇರುವುದು ಕನ್ನಡದಲ್ಲಿ, ಸಂಬಂಧಪಟ್ಟವರು ದಿನಾ ಓಡಾಡುವ ಜಾಗದಲ್ಲಿ. ಈಗ ಆ್ಯಪ್‌ಗಳಿಂದ ಕಾನೂನು ಕೇಳುತ್ತಿರುವುದು ಹೆಚ್ಚುಕಡಿಮೆ ಇಷ್ಟನ್ನೇ.

ಮುಂದೆ ಸುಲ್ತಾನರ, ಮರಾಠರ, ಹೈದರ್ ಟಿಪ್ಪುವಿನ ಕಾಲದಲ್ಲಿ ಕಚೇರಿಯ ಕನ್ನಡಕ್ಕೆ ಪಾರಸಿ ಅರಬ್ಬಿ ಮಾತುಗಳು ಬಂದು ನೆಲೆಸಿದವು. ಒಪ್ಪದ ಜಾಗಕ್ಕೆ ‘ಸಹಿ’ ಬಂತು. ಅದರ ಮೂಲ ಅರಬ್ಬಿಯ ‘ಸಹೀಹ್’, ಎಂದರೆ ಸರಿಯಾದದ್ದು. ಬೇರೆ ಭಾಷೆಯಿಂದ ಬಂದ ಮಾತೂ ಅದೇ ದಾರಿ ಹಿಡಿದಿತ್ತು. ನೋಡಿದೆ, ಸರಿ ಇದೆ ಎನ್ನುವುದೇ ರುಜುವಿನ ಅರ್ಥ. ‘ಕರಾರು’, ‘ಷರತ್ತು’, ‘ದಸ್ತಾವೇಜು’ ಕೂಡ ಆಗ ಬಂದವೇ. ಆದರೆ ಈ ಎಲ್ಲ ಮಾತುಗಳ ನಡುವೆ ಒಂದು ಕೆಲಸವನ್ನು ಮಾತ್ರ ಯಾರೂ ಒಪ್ಪು ಎಂಬ ಪದದಿಂದ ಕಿತ್ತುಕೊಳ್ಳಲಿಲ್ಲ. ಪತ್ರ ಬರೆಯುವವರು ಎಷ್ಟೇ ಪಾರಸಿ ಬೆರೆಸಿದರೂ ಸಹಿಗೆ ಮುಂಚಿನ ಸಾಲಿನಲ್ಲಿ ‘ಒಪ್ಪಿ’ ಎಂದೇ ಬರೆದರು.

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಕಾಲದ ಒಂದು ಕ್ರಯಪತ್ರ ಇದೆ. ಛಾಪಾಕಾಗದ ಮಡಿಕೆಯಲ್ಲಿ ಸೀಳು ಬಿಟ್ಟಿದೆ, ಮಸಿ ಕಂದಿದೆ. ಜಮೀನಿನ ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಬೆಲೆ, ಸಾಕ್ಷಿಗಳು, ಕೊನೆಗೆ ಬಿಕ್ಕಲಂ, ಎಂದರೆ ಪತ್ರ ಬರೆದವರ ರುಜು. ಅದರಲ್ಲಿ ‘ಓದಿಸಿ ಕೇಳಿ, ಸರಿಯಾಗಿದೆ ಎಂದು ಒಪ್ಪಿ, ಸ್ವಸಂತೋಷದಿಂದ ಬರೆಸಿಕೊಟ್ಟ’ ಎಂಬ ಮಾತು ಬರುತ್ತದೆ. ಹಳೆಯ ಪತ್ರ ನೋಡಿದವರಿಗೆಲ್ಲ ಈ ಧಾಟಿ ಗೊತ್ತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಗುರುತು ಹೆಬ್ಬೆಟ್ಟು.

ಆ ಪತ್ರದಲ್ಲಿ ಒಂದು ಕಡೆ ಎರಡು ಸಾಲಿನ ನಡುವೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ತುರುಕಿದೆ. ಅದರ ಪಕ್ಕದಲ್ಲೂ ಅಜ್ಜಿಯ ಹೆಬ್ಬೆಟ್ಟಿದೆ. ಅಮ್ಮ ಅದರ ಕಥೆ ಹೇಳಿದ್ದಾರೆ. ಪತ್ರ ಬರೆಯುವವರು ಬರೆದು ಮುಗಿಸಿ ಜೋರಾಗಿ ಓದುತ್ತಿದ್ದರಂತೆ. ಚಕ್ಕುಬಂದಿ ದಾಟಿದ ಮೇಲೆ ಅಜ್ಜಿ ಕೈ ಎತ್ತಿ, “ಸ್ವಾಮಿ, ಬಾವಿ ನೀರಿನ ಮಾತು ಬರಲೇ ಇಲ್ಲವಲ್ಲ” ಎಂದರಂತೆ. ಜಮೀನು ಮಾರಿದರೂ ಉಳಿದ ತುಂಡಿಗೆ ಆ ಬಾವಿಯ ನೀರು ಬರಬೇಕು ಎಂಬುದು ಬಾಯಿಮಾತಿನಲ್ಲಿ ಆಗಿತ್ತು, ಪತ್ರದಲ್ಲಿ ಬಿಟ್ಟುಹೋಗಿತ್ತು. ಅವರು ಸಾಲನ್ನು ಸೇರಿಸಿ ಮತ್ತೆ ಮೊದಲಿಂದ ಓದಿದರು. ಅಜ್ಜಿ ಆಮೇಲೆ ಹೆಬ್ಬೆಟ್ಟು ಒತ್ತಿದರು.

ಅಕ್ಷರ ಬಾರದ ಹೆಣ್ಣುಮಗಳೊಬ್ಬಳು ಕಾಗದದ ವ್ಯವಹಾರವನ್ನು ತಡೆದು ನಿಲ್ಲಿಸಿದ್ದು ಹೇಗೆ? ತನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿದ್ದರಿಂದ. ತಡೆದರೆ ಕೇಳುವ ಮನುಷ್ಯ ಎದುರಿಗೆ ಇದ್ದುದರಿಂದ. ಬೇಡವೆಂದು ಎದ್ದು ಹೋಗುವ ದಾರಿ ತೆರೆದಿದ್ದುದರಿಂದ. ಹೆಬ್ಬೆಟ್ಟು ಒತ್ತಿದ್ದು ಕೊನೆಯಲ್ಲಿ. ಅವರು ಒಪ್ಪಿದ್ದು ಅದಕ್ಕೂ ಮುಂಚೆ, ಬಾವಿಯ ಸಾಲು ಸೇರಿದ ಕ್ಷಣದಲ್ಲಿ. ಒತ್ತು ಬೇರೆ, ಒಪ್ಪು ಬೇರೆ. ಒತ್ತಿದ್ದು ಒಪ್ಪಿದ್ದರ ಗುರುತು ಅಷ್ಟೇ.

ಆ ಪತ್ರದ ಹಿಂದೆ ನಿಂತ ಕಾನೂನು 1872ರ ಭಾರತೀಯ ಕರಾರು ಅಧಿನಿಯಮ. ಅದರ 13ನೇ ಕಲಂ ಒಪ್ಪಿಗೆಯನ್ನು ಒಂದೇ ವಾಕ್ಯದಲ್ಲಿ ಹೇಳುತ್ತದೆ: ಇಬ್ಬರು ಅಥವಾ ಹೆಚ್ಚು ಮಂದಿ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿಕೊಂಡರೆ ಅದು ಒಪ್ಪಿಗೆ. ಬ್ರಿಟಿಷರು ಬರೆದ ಈ ವಾಕ್ಯವನ್ನು ಕನ್ನಡದಲ್ಲಿ ಓದಿದಾಗ ನನಗೆ ರೋಮಾಂಚನವಾಯಿತು. ನಮ್ಮ ನುಡಿಗಳ ಹಳೆಯ ಬೇರು ಹೇಳುವುದು ಅದನ್ನೇ. ನಿನ್ನ ಮನಸ್ಸಿನಲ್ಲಿ ಇರುವುದೂ ನನ್ನ ಮನಸ್ಸಿನಲ್ಲಿ ಇರುವುದೂ ಪಕ್ಕಪಕ್ಕ ಇಟ್ಟರೆ ಹೋಲಬೇಕು. 14ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಲವಂತ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ ಈ ಐದರಿಂದ ಹುಟ್ಟಿದ್ದು ಸ್ವತಂತ್ರ ಒಪ್ಪಿಗೆ ಅಲ್ಲ ಎನ್ನುತ್ತದೆ.

ಈ ಪದದ ಇನ್ನೊಂದು ಕವಲನ್ನೂ ನೋಡಬೇಕು, ಅದು ‘ಒಪ್ಪಿಸು’. ಮಗು ಮೇಷ್ಟ್ರಿಗೆ ಮಗ್ಗಿ ಒಪ್ಪಿಸುತ್ತದೆ. ಗುಮಾಸ್ತ ಯಜಮಾನನಿಗೆ ಲೆಕ್ಕ ಒಪ್ಪಿಸುತ್ತಾನೆ. ಭಕ್ತರು ದೇವರಿಗೆ ಹರಕೆ ಒಪ್ಪಿಸುತ್ತಾರೆ. ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ತಾಯಿ ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಕಣ್ಣೀರು ಹಾಕುತ್ತಾಳೆ. ಅಮೂಲ್ಯವಾದದ್ದನ್ನು ಇನ್ನೊಬ್ಬರ ವಶಕ್ಕೆ ಕೊಡುವಾಗ ನಾವು ಬಳಸುವ ಮಾತು ಇದು. ಇಲ್ಲಿ ಕೊಡುವವರಿಗಿಂತ ಪಡೆದವರ ಹೊಣೆ ದೊಡ್ಡದು. ಒಪ್ಪಿಸಿದ್ದನ್ನು ಜೋಪಾನ ಮಾಡಬೇಕು, ಕೇಳಿದಾಗ ಲೆಕ್ಕ ಹೇಳಬೇಕು.

ಫೋನಿನಲ್ಲಿ ನಡೆಯುವುದು ಈ ಒಪ್ಪಿಸುವ ಕೆಲಸವೇ. ನಮ್ಮ ಹೆಸರು, ಬೆರಳಚ್ಚು, ಮುಖ, ಹೋದ ಬಂದ ದಾರಿ, ತೆಗೆದುಕೊಂಡ ಮಾತ್ರೆ, ಮಾತಾಡಿಸಿದ ಜನ, ಎಲ್ಲವನ್ನೂ ಕಾಣದ ಕೈಗೆ ಒಪ್ಪಿಸುತ್ತೇವೆ. ಟಾರ್ಚ್ ಆ್ಯಪ್ ಒಂದಕ್ಕೆ ದೀಪ ಹಚ್ಚಲು ನಮ್ಮ ಫೋನ್‌ಬುಕ್ ಏಕೆ ಬೇಕು ಎಂದು ಕೇಳುವಷ್ಟರಲ್ಲಿ ಬೆರಳು ಬಟನ್ ಒತ್ತಿಯಾಗಿರುತ್ತದೆ. ಒಪ್ಪಿಸುವುದು ಆಯಿತು, ಒಪ್ಪುವುದು ಆಗಲೇ ಇಲ್ಲ. ನಮ್ಮ ಕಾಲದ ಸಂಕಟವನ್ನು ಈ ಎರಡು ಕ್ರಿಯಾಪದಗಳ ನಡುವಿನ ಅಂತರದಲ್ಲೇ ಹೇಳಿಬಿಡಬಹುದು.

ಈ ಅಂತರವನ್ನು ದೇಶದ ಮುಂದೆ ಇಟ್ಟವರಲ್ಲಿ ನಮ್ಮ ನಾಡಿನವರೊಬ್ಬರು ಇದ್ದಾರೆ ಎನ್ನುವುದನ್ನು ಹೆಮ್ಮೆಯಿಂದ ನೆನೆಯುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತರ ಮೇಲಿನ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ನಡುವೆ, ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇದೆಯೇ ಎಂಬ ಮೂಲ ಪ್ರಶ್ನೆ ಎದ್ದಿತು. 1954ರ ಮತ್ತು ಅರವತ್ತರ ದಶಕದ ಹಳೆಯ ತೀರ್ಪುಗಳು ಇಲ್ಲ ಎನ್ನುವಂತಿದ್ದವು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇದೆ ಎಂದಿತು. ಇವತ್ತು ಭಾರತದಲ್ಲಿ ಈ ವಿಷಯ ಓದುವ ಯಾವ ವಿದ್ಯಾರ್ಥಿಯೂ ಪುಟ್ಟಸ್ವಾಮಿ ಎಂಬ ಹೆಸರನ್ನು ದಾಟಿ ಹೋಗಲಾರ. 2024ರಲ್ಲಿ ಅವರು ತೀರಿಕೊಂಡರು.

‘ಖಾಸಗಿ’ ಎಂಬ ಮಾತಿನ ಮೂಲವೂ ಅರಬ್ಬಿಯದು. ‘ಖಾಸ್’ ಎಂದರೆ ವಿಶೇಷವಾದದ್ದು, ಒಬ್ಬರಿಗೇ ಮೀಸಲಾದದ್ದು. ಕನ್ನಡದ ಆ್ಯಪ್‌ಗಳಲ್ಲಿ ಇದಕ್ಕೆ ‘ಗೌಪ್ಯತೆ’ ಎಂಬ ಪದವನ್ನು ಹೆಚ್ಚಾಗಿ ಕಾಣುತ್ತೇವೆ. ಗೌಪ್ಯ ಎಂದರೆ ಬಚ್ಚಿಟ್ಟದ್ದು. ನನಗೆ ಖಾಸಗಿತನವೇ ಹೆಚ್ಚು ಹೊಂದುತ್ತದೆ. ನನ್ನ ಮನೆಯ ಜಗಲಿಯಲ್ಲಿ ನಾನು ಕೂತದ್ದು ಯಾರಿಗೂ ಗುಟ್ಟಲ್ಲ. ಆದರೆ ಎಷ್ಟು ಹೊತ್ತು ಕೂತೆ, ಯಾರೊಡನೆ ಮಾತಾಡಿದೆ ಎಂದು ಒಬ್ಬ ಎದುರುಮನೆಯಲ್ಲಿ ನಿಂತು ದಿನಾ ಬರೆದುಕೊಂಡರೆ ನನಗೆ ಒಪ್ಪುವುದಿಲ್ಲ. ಬಚ್ಚಿಡುವುದು ಏನೂ ಇಲ್ಲದವರಿಗೂ ತಮ್ಮದು ಎಂಬುದೊಂದು ಇರುತ್ತದೆ.

ಖಾಸಗಿತನದ ಆ ತೀರ್ಪಿನ ವರ್ಷವೇ, ಜನರ ಮಾಹಿತಿಯನ್ನು ಕಾಯುವ ಕಾನೂನು ಹೇಗಿರಬೇಕು ಎಂದು ನೋಡಲು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ ಕೂತಿತು, ಮರುವರ್ಷ ವರದಿ ಕೊಟ್ಟಿತು. 2019ರ ಮಸೂದೆ ಬಂದು 2022ರಲ್ಲಿ ವಾಪಸಾಯಿತು. ಕೊನೆಗೆ 2023ರ ಆಗಸ್ಟ್ 11ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ ರಾಷ್ಟ್ರಪತಿಯವರ ಅಂಕಿತ ಬಿತ್ತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಸಂಸ್ಥೆಗಳ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ. ನನ್ನ ಮೇಜಿಗೆ ಸೂಚನಾಪತ್ರಗಳು ಬರತೊಡಗಿದ್ದು ಈ ಕಾರಣಕ್ಕೆ.

ಕಾನೂನಿನ 6ನೇ ಕಲಂ ಒಪ್ಪಿಗೆಗೆ ಮೀಸಲು. ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಗೊಂದಲವಿಲ್ಲದ್ದಾಗಿರಬೇಕು. ಅದನ್ನು ಸ್ಪಷ್ಟವಾದ ಒಂದು ಕ್ರಿಯೆಯಿಂದ ತಿಳಿಸಿರಬೇಕು. ಇದರ ಜೊತೆಗೆ ಇನ್ನೊಂದು ಮಾತಿದೆ, ನನ್ನ ಲೆಕ್ಕದಲ್ಲಿ ಅದೇ ತಿರುಳು. ಹೇಳಿದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟು ಮಾಹಿತಿಗೆ ಮಾತ್ರ ಆ ಒಪ್ಪಿಗೆ ಸಲ್ಲುತ್ತದೆ. ಕಾನೂನೇ ಒಂದು ಉದಾಹರಣೆ ಕೊಡುತ್ತದೆ. ದೂರದಿಂದ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಚಿಕಿತ್ಸೆಗೆ ಬೇಕಾದ ವಿವರವನ್ನೂ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ. ಬಳಸುವಾಕೆ ಎರಡಕ್ಕೂ ಹೂಂ ಎನ್ನುತ್ತಾಳೆ. ಆದರೂ ಚಿಕಿತ್ಸೆಗೆ ಆ ಪಟ್ಟಿ ಬೇಕಾಗಿಲ್ಲದ್ದರಿಂದ ಅವಳ ಒಪ್ಪಿಗೆ ಚಿಕಿತ್ಸೆಯ ವಿವರಕ್ಕೆ ಮಾತ್ರ ನಿಲ್ಲುತ್ತದೆ. ಬಟನ್ ಒತ್ತಿದರೂ ಪಟ್ಟಿಯ ಪಾಲಿಗೆ ಒಪ್ಪಿಗೆ ಹುಟ್ಟಲೇ ಇಲ್ಲ.

ಇಲ್ಲಿ ನಾನು ಮತ್ತೆ ಸೀರೆ ಅಂಗಡಿಗೆ ಹೋಗುತ್ತೇನೆ. “ಈ ಬಣ್ಣ ನಿನಗೆ ಒಪ್ಪುತ್ತೆ.” ಈ ವಾಕ್ಯದಲ್ಲಿ ಒಪ್ಪುವ ಕೆಲಸ ಮಾಡುತ್ತಿರುವುದು ಬಣ್ಣ. ಉಡುವಾಕೆ ‘ನಿನಗೆ’ ಎಂದು ಚತುರ್ಥಿಯಲ್ಲಿ ನಿಂತಿದ್ದಾಳೆ. ಹಳೆಯ ಬಳಕೆಯಲ್ಲಿ ಮೊದಲು ವಸ್ತು ನಮಗೆ ಒಪ್ಪಬೇಕು, ಆಮೇಲೆ ನಾವು ಅದನ್ನು ಒಪ್ಪುತ್ತೇವೆ. ‘ನನಗೆ ಒಪ್ಪಿಗೆ’ ಎಂದು ಇಂದಿಗೂ ಹೇಳುವಾಗ ಆ ವ್ಯಾಕರಣದ ನೆರಳು ಉಳಿದೇ ಇದೆ. ಹೊಂದುವ ಹೊಣೆ ಎದುರಿಗೆ ಬಂದದ್ದರದು, ನೋಡಿ ತೀರ್ಮಾನಿಸುವ ಸ್ಥಾನ ನನ್ನದು. ಚಿಕಿತ್ಸೆಯ ಆ್ಯಪ್‌ಗೆ ಫೋನ್‌ಬುಕ್ ಹೊಂದದು, ಆದ್ದರಿಂದ ಒಪ್ಪದು. ಕಾನೂನು ಹೊಣೆಯನ್ನು ಇಟ್ಟಿರುವುದೂ ಅದೇ ಕಡೆ. ನಾಳೆ ಪ್ರಶ್ನೆ ಎದ್ದರೆ ಸೂಚನೆ ಕೊಟ್ಟಿದ್ದೆವು, ಒಪ್ಪಿಗೆ ಪಡೆದಿದ್ದೆವು ಎಂದು ಸಾಬೀತು ಮಾಡಬೇಕಾದವರು ಮಾಹಿತಿ ಪಡೆದವರು. ಪಡೆದ ಮಾಹಿತಿಯನ್ನು ಜೋಪಾನ ಮಾಡದೆ ಸೋರಿಕೆಗೆ ಬಿಟ್ಟರೆ ದಂಡ 250 ಕೋಟಿ ರೂಪಾಯಿಯ ತನಕ ಹೋಗಬಹುದು. ‘ಒಪ್ಪಿಸು’ ಎಂಬ ಮಾತಿನಲ್ಲಿ ಅಡಗಿದ್ದ ಹೊಣೆಗೆ ಈಗ ಒಂದು ಅಂಕಿ ಸಿಕ್ಕಿದೆ.

ಸಂಸ್ಕೃತದ ಗಾದೆಯೊಂದು ಮೌನವನ್ನೇ ಸಮ್ಮತಿಯ ಲಕ್ಷಣ ಎನ್ನುತ್ತದೆ. ಎಷ್ಟೋ ಹೆಣ್ಣುಮಕ್ಕಳ ಬಾಯಿ ಕಟ್ಟಿದ ಗಾದೆ ಅದು. ಮಾಹಿತಿಯ ಕಾನೂನು ಇದನ್ನು ಹಲವು ಕಡೆ ತಳ್ಳಿಹಾಕಿದೆ. ಯೂರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ನಿಯಮಾವಳಿ, ಮೌನವಾಗಲಿ ಮೊದಲೇ ಗುರುತು ಹಾಕಿಟ್ಟ ಚೌಕವಾಗಲಿ ಒಪ್ಪಿಗೆ ಆಗದು ಎನ್ನುತ್ತದೆ. ಜರ್ಮನಿಯ ಒಂದು ಆನ್‌ಲೈನ್ ಲಾಟರಿ ಸಂಸ್ಥೆ ಬಳಸುವವರ ಪರವಾಗಿ ತಾನೇ ಚೌಕದಲ್ಲಿ ಗುರುತು ಹಾಕಿ ಇಟ್ಟಿತ್ತು, ಬೇಡದವರು ಅಳಿಸಬೇಕಿತ್ತು. ಯೂರೋಪಿನ ಉನ್ನತ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಇದು ಒಪ್ಪಿಗೆಯಲ್ಲ ಎಂದಿತು. ನಮ್ಮ ಕಾನೂನಿನ ‘ಸ್ಪಷ್ಟವಾದ ಕ್ರಿಯೆ’ ಎಂಬ ಮಾತಿನ ಅರ್ಥವೂ ಅದೇ. ಅಜ್ಜಿಯ ಹೆಬ್ಬೆಟ್ಟನ್ನು ಇನ್ನೊಬ್ಬರು ಹಿಡಿದು ಒತ್ತಿಸುವಂತಿಲ್ಲ.

ಕಾನೂನಿನಲ್ಲಿ ಒಪ್ಪಿಗೆ ಕೇಳದ ಜಾಗಗಳೂ ಇವೆ, ಅದನ್ನು ಮುಚ್ಚಿಡುವುದು ನನ್ನ ಪದಕ್ಕೆ ದ್ರೋಹವಾಗುತ್ತದೆ. ಔಷಧಿ ಅಂಗಡಿಯಲ್ಲಿ ಬಿಲ್ ಕಳಿಸಿ ಎಂದು ನಾವೇ ನಂಬರು ಕೊಟ್ಟರೆ ಆ ಕೆಲಸಕ್ಕೆ ಬೇರೆ ಒಪ್ಪಿಗೆ ಬೇಕಿಲ್ಲ. ಇದು ನ್ಯಾಯವೇ. ಆದರೆ ಸಬ್ಸಿಡಿ, ಸವಲತ್ತು, ಪರವಾನಗಿ ಕೊಡುವಾಗ ಸರ್ಕಾರಕ್ಕೂ ಹಲವು ಸಂದರ್ಭಗಳಲ್ಲಿ ಒಪ್ಪಿಗೆಯ ಅಗತ್ಯವಿಲ್ಲ. ಸರ್ಕಾರ ತಾನು ಸೂಚಿಸಿದ ಸಂಸ್ಥೆಗಳನ್ನು ಇಡೀ ಕಾನೂನಿನಿಂದಲೇ ಹೊರಗಿಡಬಹುದು. ನಿವೃತ್ತ ನ್ಯಾಯಮೂರ್ತಿಯೊಬ್ಬರು ಸರ್ಕಾರದ ಯೋಜನೆಯನ್ನು ಪ್ರಶ್ನಿಸಿದ್ದರಿಂದ ಗಟ್ಟಿಯಾದ ಹಕ್ಕು ಇದು. ಅದು ಸರ್ಕಾರದ ಬಾಗಿಲಲ್ಲೇ ತೆಳುವಾಗುವುದು ನನ್ನ ಮನಸ್ಸಿಗೆ ಒಪ್ಪಿಲ್ಲ.

ಕನ್ನಡದ ಓದುಗರಾಗಿ ನಾವು ಗಟ್ಟಿಯಾಗಿ ಹಿಡಿಯಬೇಕಾದ ಒಂದು ಮಾತು ಈ ಕಾನೂನಿನಲ್ಲಿದೆ. ಒಪ್ಪಿಗೆ ಕೇಳುವಾಗ ಸರಳ, ಸ್ಪಷ್ಟ ಭಾಷೆಯಲ್ಲಿ ಕೇಳಬೇಕು. ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದಿಕೊಳ್ಳುವ ಆಯ್ಕೆ ಕೊಡಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. ತಿಪಟೂರಿನ ತೆಂಗಿನ ಬೆಳೆಗಾರರಾಗಲಿ ಮುಂಬೈಯ ಹೋಟೆಲಿನಲ್ಲಿ ದುಡಿಯುವ ಕುಂದಾಪುರದ ಹುಡುಗನಾಗಲಿ, “ನನ್ನಿಂದ ಏನು ತೆಗೆದುಕೊಳ್ಳುತ್ತೀರಿ, ಕನ್ನಡದಲ್ಲಿ ಹೇಳಿ” ಎಂದು, ಈ ಮಾತು ಜಾರಿಗೆ ಬಂದ ಮೇಲೆ, ಹಕ್ಕಿನಿಂದ ಕೇಳಬಹುದು. ನಿಯಮಗಳು ಇನ್ನೂ ಮುಂದೆ ಹೋಗಿ, ಸೂಚನೆ ಬೇರೆ ಯಾವ ಕಾಗದದ ನೆರವಿಲ್ಲದೆ ಅದೊಂದನ್ನೇ ಓದಿ ತಿಳಿಯುವಂತಿರಬೇಕು, ತೆಗೆದುಕೊಳ್ಳುವ ವಿವರಗಳನ್ನು ಒಂದೊಂದಾಗಿ ಪಟ್ಟಿ ಮಾಡಿರಬೇಕು ಎನ್ನುತ್ತವೆ. ‘ಓದಿಸಿ ಕೇಳಿ’ ಎಂದು ಪತ್ರ ಬರೆಯುವವರು ಹಾಕುತ್ತಿದ್ದ ಮಾತು ಕಾನೂನಾಗಿ ಬಂದಿದೆ.

ಅಕ್ಕಸಾಲಿಯ ಒಪ್ಪ ನನಗೆ ಬೇಕಾದದ್ದು ಇಲ್ಲಿ. ‘ದತ್ತಾಂಶ ಸಂಸ್ಕರಣೆಯ ಉದ್ದೇಶಗಳಿಗಾಗಿ ತೃತೀಯ ಪಕ್ಷಗಳೊಂದಿಗೆ ಹಂಚಿಕೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಇರುವುದು ಕನ್ನಡದ ಲಿಪಿ. ತಿಳಿವು ಒಳಗೆ ಮುಚ್ಚಿಹೋಗಿದೆ. ‘ನಿಮ್ಮ ಫೋನ್ ನಂಬರನ್ನು ಜಾಹೀರಾತು ಕಳಿಸುವ ಬೇರೆ ಕಂಪನಿಗಳಿಗೆ ಕೊಡುತ್ತೇವೆ’ ಎಂದರೆ ಉಜ್ಜಿ ಒಪ್ಪವಿಟ್ಟಂತೆ. ಒಳಗಿದ್ದದ್ದು ಕಾಣುತ್ತದೆ. ಕಂಡ ಮೇಲೆ ಒಪ್ಪುವುದೋ ಬಿಡುವುದೋ ಓದಿದವರಿಗೆ ಬಿಟ್ಟದ್ದು. ಹೀಗೆ ಬರೆಯಲು ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ.

ಒಪ್ಪಿಗೆಯ ಎದುರು ನಿಲ್ಲುವ ಮಾತನ್ನೂ ಹೇಳದೆ ಈ ಪದದ ಕಥೆ ಮುಗಿಯದು. ಅದು ‘ಒಲ್ಲೆ’. ಒಲವಿನ ಬೇರಿನಿಂದಲೇ ಹುಟ್ಟಿದ ನಿರಾಕರಣೆ ಅದು. ನನ್ನ ಒಲವು ಅತ್ತ ಇಲ್ಲ ಎಂಬುದನ್ನು ಎರಡೇ ಅಕ್ಷರದಲ್ಲಿ, ಸಿಟ್ಟಿಲ್ಲದೆ ಹೇಳುತ್ತದೆ. ಕಾರಣ ಕೊಡಬೇಕಾಗಿಲ್ಲ. ಕಾನೂನಿನಲ್ಲೂ ಒಮ್ಮೆ ಒಪ್ಪಿದವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು, ಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಒಂದು ಬೆರಳಲ್ಲಿ ಕೊಟ್ಟದ್ದನ್ನು ಬಿಡಿಸಿಕೊಳ್ಳಲು ಐದು ಪುಟ ಹುಡುಕಿಸುವಂತಿಲ್ಲ. ‘ಒಲ್ಲೆ’ ಎನ್ನಲು ಆಗದ ಕಡೆ ‘ಒಪ್ಪಿದೆ’ ಎಂಬ ಮಾತಿಗೆ ಬೆಲೆಯಿಲ್ಲ. ಅಜ್ಜಿ ಕೈ ಎತ್ತಲು ಆಗದಿದ್ದರೆ ಅವರ ಹೆಬ್ಬೆಟ್ಟು ಬರೀ ಮಸಿ.

ಕೊನೆಗೆ ನನ್ನ ಆ ಎರಡು ಪುಟವನ್ನು ಏನು ಮಾಡಿದೆ ಎಂದು ಹೇಳಬೇಕು. ಕಳಿಸುವ ಮುಂಚೆ ಅಮ್ಮನ ಪಕ್ಕದಲ್ಲಿ ಕೂತು ಜೋರಾಗಿ ಓದಿದೆ. ಅಮ್ಮ ಬೀನ್ಸ್ ಬಿಡಿಸುತ್ತ ಕೇಳುತ್ತಿದ್ದರು. ಎರಡನೇ ಪುಟದ ನಡುವೆ ಕೈ ನಿಂತಿತು. “ಸ್ಥಳದ ಮಾಹಿತಿ ಅಂದ್ಯಲ್ಲ, ನಾನು ಎಲ್ಲಿದ್ದೀನಿ ಅನ್ನೋದಾ?” ಎಂದರು. ಹೌದಮ್ಮ ಎಂದೆ. “ಆ್ಯಪ್ ಮುಚ್ಚಿಟ್ಟಾಗಲೂ ನೋಡ್ತಾರಾ? ಅದನ್ನ ಬರೆದೇ ಇಲ್ಲವಲ್ಲ.” ನಾನು ಮೂಲದ ಹಾಳೆ ತೆಗೆದು ನೋಡಿದೆ. ಅಲ್ಲೂ ಇರಲಿಲ್ಲ. ಆ ಪ್ರಶ್ನೆಯನ್ನು ಹಾಳೆಯ ಅಂಚಿನಲ್ಲಿ ಬರೆದು ಕಂಪನಿಗೆ ಕಳಿಸಿದೆ. ನಾಲ್ಕು ದಿನದ ಮೇಲೆ ಒಂದು ಹೊಸ ಸಾಲು ಬಂತು: ಆ್ಯಪ್ ತೆರೆದಿರುವಾಗ ಮಾತ್ರ. ಅದನ್ನು ಎರಡು ಸಾಲಿನ ನಡುವೆ ಸೇರಿಸಿ ಮತ್ತೆ ಮೊದಲಿಂದ ಓದಿದೆ. ಅಮ್ಮ ತಲೆಯಾಡಿಸಿದರು. ಆಮೇಲೆ ಕೆಳಗೆ, ಒಂದೇ ಅಳತೆಯ ಎರಡು ಬಟನ್‌ಗಳಿಗೆ ಎರಡು ಪದ ಬರೆದೆ. ಒಂದು ‘ಒಪ್ಪುತ್ತೇನೆ’, ಪಕ್ಕದಲ್ಲಿ ‘ಒಲ್ಲೆ’.